ಪುಟ್ಟ ಪೆಟ್ಟಿಗೆಯ ಪರೀಕ್ಷೆ

ಹಿಂದೆ ನಮ್ಮ ಹಳ್ಳಿಗಳಲ್ಲಿ ರೈತನೊಬ್ಬನು ಹೊಸ ಬಂಡಿಯನ್ನು ಮಾಡಿಸುವುದೆಂದರೆ ಅದು ಮನೆಮಂದಿಯೆಲ್ಲ ಕುಳಿತು ಯೋಚಿಸಬೇಕಾದ ವಿಷಯವಾಗಿತ್ತು. ಬಡಗಿಯ ಅಂಗಳದಲ್ಲಿ ನಿಂತ ರೈತನು ಬಂಡಿಯ ಬಣ್ಣವನ್ನು ನೋಡುತ್ತಿರಲಿಲ್ಲ. ಗಾಲಿಯ ಮರ ಜಾಲಿಯದೇ ಅಲ್ಲವೇ, ಅಚ್ಚು ಭಾರವನ್ನು ತಡೆಯುವುದೇ ಇಲ್ಲವೇ, ಕಡಾಣಿಯನ್ನು ಕಿತ್ತರೆ ಗಾಲಿಯು ಸಲೀಸಾಗಿ ಹೊರಬರುವುದೇ ಇಲ್ಲವೇ ಎಂಬುದನ್ನು ಅವನು ಪರೀಕ್ಷಿಸುತ್ತಿದ್ದನು. ಅಚ್ಚು ಮುರಿದರೆ ಅಚ್ಚನ್ನು ಬದಲಾಯಿಸುತ್ತಿದ್ದರು. ಅದಕ್ಕಾಗಿ ಬಂಡಿಯನ್ನೇ ಯಾರೂ ಮೂಲೆಗೆ ತಳ್ಳುತ್ತಿರಲಿಲ್ಲ. ಅಕ್ಷರವನ್ನು ಕಲಿಯದವನೂ ಬಂಡಿಯ ಒಂದೊಂದು ಅಂಗದ ಹೆಸರನ್ನು ಬಲ್ಲವನಾಗಿದ್ದನು. ಯಂತ್ರದೊಡನೆ ಮನುಷ್ಯನಿಗೆ ಇರಬೇಕಾದ ಸಂಬಂಧ ಎಂತಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಂದು ಬಂಡಿಯ ಸ್ಥಾನದಲ್ಲಿ ಬೇರೆ ಯಂತ್ರಗಳು ಬಂದಿವೆ. ಅವುಗಳಲ್ಲಿ ಗಣಕಯಂತ್ರವು ಮುಖ್ಯವಾದುದು. ಸಿರಾ ತಾಲ್ಲೂಕಿನ ಬರಗೂರಿನಂತಹ ಊರಿನಲ್ಲಿ ಇಂದು ಗಣಕಯಂತ್ರವು ಅಪರೂಪದ ವಸ್ತುವಲ್ಲ. ಗ್ರಾಮ ಪಂಚಾಯಿತಿಗೆ, ಗ್ರಂಥಾಲಯಕ್ಕೆ, ಸಹಕಾರ ಸಂಘಕ್ಕೆ ಅದು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಶಾಲೆಗೆ ಬೇಕು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿದ ಈ ಸೀಮೆಯು ಮಳೆಗಾಗಿ ಆಕಾಶವನ್ನು ನೋಡುವ ಸೀಮೆ. ಇಲ್ಲಿ ಖರ್ಚಾಗುವ ಪ್ರತಿಯೊಂದು ರೂಪಾಯಿಯ ಹಿಂದೆಯೂ ಬೆವರಿದೆ. ಆದ್ದರಿಂದ ಇಲ್ಲಿಯ ಶಾಲೆಯೊಂದು ಗಣಕಯಂತ್ರವನ್ನು ಕೊಳ್ಳುವಾಗ ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ. ಅದು ವಿದ್ಯೆಯ ಪ್ರಶ್ನೆಯೂ ಹೌದು.

ನಾನು ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆನು. ಒಂದು ಕೊಠಡಿಯಲ್ಲಿ ಸಾಲಾಗಿ ಗಣಕಯಂತ್ರಗಳನ್ನು ಇಟ್ಟು, ಅವುಗಳ ಮೇಲೆ ಬಟ್ಟೆಯನ್ನು ಹೊದಿಸಿದ್ದರು. ಗೋಡೆಯ ಮೇಲೆ ‘ಅನುಮತಿಯಿಲ್ಲದೆ ಮುಟ್ಟಕೂಡದು’ ಎಂದು ಬರೆದಿತ್ತು. ಎಷ್ಟು ಯಂತ್ರಗಳು ನಡೆಯುತ್ತಿವೆ ಎಂದು ಕೇಳಿದೆನು. ಒಂದೂ ನಡೆಯುತ್ತಿರಲಿಲ್ಲ. ಒಂದರಲ್ಲಿ ಮೆಮೊರಿ ಕೆಟ್ಟಿತ್ತು, ಇನ್ನೊಂದರಲ್ಲಿ ವಿದ್ಯುತ್ತಿನ ಭಾಗ ಸುಟ್ಟಿತ್ತು, ಮತ್ತೊಂದರ ಫ್ಯಾನು ಧೂಳಿನಿಂದ ನಿಂತುಹೋಗಿತ್ತು. ಒಂದರ ಒಳ್ಳೆಯ ಭಾಗವನ್ನು ಇನ್ನೊಂದಕ್ಕೆ ಜೋಡಿಸಿದ್ದರೆ ಅರ್ಧದಷ್ಟಾದರೂ ಬದುಕುತ್ತಿದ್ದವೋ ಏನೋ. ಆದರೆ ಅವನ್ನು ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ; ಬಿಚ್ಚಬಹುದೆಂಬ ಯೋಚನೆಯೂ ಬಂದಿರಲಿಲ್ಲ. ಆ ಬಟ್ಟೆಯ ಕೆಳಗೆ ಯಂತ್ರಗಳೊಡನೆ ಮಕ್ಕಳ ಕುತೂಹಲವೂ ಮಲಗಿತ್ತು. ಅಂದಿನಿಂದ ಯಾವ ಗಣಕಯಂತ್ರವನ್ನು ಕಂಡರೂ ನನ್ನ ಮನಸ್ಸಿನಲ್ಲಿ ಏಳುವ ಮೊದಲನೆಯ ಪ್ರಶ್ನೆ, ‘ಇದನ್ನು ತೆರೆಯಲು ಸಾಧ್ಯವೇ?’ ಎಂಬುದು.

ಈ ಪ್ರಶ್ನೆಗೆ ಸಮಾಧಾನಕರವಾದ ಉತ್ತರವನ್ನು ಕೊಡುವ ಒಂದು ಬಗೆಯ ಗಣಕಯಂತ್ರವುಂಟು. ವ್ಯಾಪಾರಿಗಳು ಅದನ್ನು ‘ಬೇರ್‌ಬೋನ್’ ಎಂದು ಕರೆಯುತ್ತಾರೆ. ಬರಿಯ ಎಲುಬಿನ ಹಂದರ ಎಂಬುದು ಆ ಮಾತಿನ ಅರ್ಥ. ನಾವು ಅದನ್ನು ಹಂದರದ ಗಣಕ ಎಂದು ಕರೆಯೋಣ. ಒಂದು ಪುಟ್ಟ ಪೆಟ್ಟಿಗೆ, ಅದರೊಳಗೆ ಮದರ್‌ಬೋರ್ಡ್ ಎಂಬ ಮೂಲಫಲಕ, ವಿದ್ಯುತ್ತನ್ನು ಒದಗಿಸುವ ಭಾಗ, ಅನೇಕ ವೇಳೆ ಪ್ರೊಸೆಸರ್ — ಇಷ್ಟೇ ಅದರಲ್ಲಿರುವುದು. ಮೆಮೊರಿಯನ್ನೂ ಮಾಹಿತಿಯನ್ನು ಶೇಖರಿಸುವ ಡಿಸ್ಕನ್ನೂ ಕೊಳ್ಳುವವನೇ ತಂದು ಜೋಡಿಸಬೇಕು. ಮಾನಿಟರು, ಕೀಲಿಮಣೆ, ಮೌಸುಗಳನ್ನು ಬೇರೆಯಾಗಿ ಹೊಂದಿಸಬೇಕು. ಯಂತ್ರವನ್ನು ನಡೆಸುವ ತಂತ್ರಾಂಶವನ್ನೂ ತಾನೇ ತುಂಬಬೇಕು. ಬಡಗಿಯು ಬಂಡಿಯ ಚೌಕಟ್ಟನ್ನು ಮಾತ್ರ ಕೊಟ್ಟು, ‘ಗಾಲಿಯನ್ನು ನಿನ್ನ ಹೊಲದ ಮಣ್ಣಿಗೆ ತಕ್ಕಂತೆ ಹಾಕಿಸಿಕೋ’ ಎಂದಂತೆ ಇದು.

ಇಂತಹ ಸಣ್ಣ ಪೆಟ್ಟಿಗೆಗಳ ಚರಿತ್ರೆ ಬಹಳ ಹಳೆಯದಲ್ಲ. ತೈವಾನ್ ದೇಶದ ಶಟಲ್ ಎಂಬ ಸಂಸ್ಥೆಯು 2001ರಲ್ಲಿ ಇಂತಹ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಅದೇ ದೇಶದ ವಿಯಾ ಎಂಬ ಸಂಸ್ಥೆಯು ಉದ್ದ ಅಗಲ ಎರಡೂ 17 ಸೆಂಟಿಮೀಟರು ಇರುವ ಮೂಲಫಲಕದ ಅಳತೆಯನ್ನು ಪ್ರಕಟಿಸಿತು. ಮುಂದೆ ಹಲವು ತಯಾರಕರು ಆ ಅಳತೆಯನ್ನೇ ಅನುಸರಿಸಿದರು. ಸುಮಾರು ಹತ್ತು ವರ್ಷಗಳ ಅನಂತರ ಅಮೆರಿಕದ ಇಂಟೆಲ್ ಸಂಸ್ಥೆಯು ಸುಮಾರು ನಾಲ್ಕು ಅಂಗುಲ ಚೌಕದ ಫಲಕವುಳ್ಳ, ಅಂಗೈಯ ಮೇಲೆ ಇಡಬಹುದಾದ ಪೆಟ್ಟಿಗೆಯನ್ನು ಹೊರತಂದಿತು. 2023ರಲ್ಲಿ ಇಂಟೆಲ್ ಈ ಕೆಲಸದಿಂದ ಹಿಂದೆ ಸರಿಯಿತು. ತೈವಾನಿನ ಏಸುಸ್ ಸಂಸ್ಥೆಯು ಅದನ್ನು ವಹಿಸಿಕೊಂಡಿತು. ಒಬ್ಬರು ಬಿಟ್ಟುದನ್ನು ಇನ್ನೊಬ್ಬರು ಎತ್ತಿಕೊಳ್ಳುವುದು ಸಾಧ್ಯವಾದುದು ಇಂಟೆಲ್ ತನ್ನ ವಿನ್ಯಾಸಗಳಿಗೆ ಪರವಾನಗಿ ಕೊಟ್ಟುದರಿಂದ. ಆದರೆ ಕೊಂಡವನಿಗೆ ಮುಖ್ಯವಾದುದು ಅಳತೆಗಳು ಸಾರ್ವಜನಿಕವಾಗಿರುವುದು ಎಂಬುದನ್ನು ನಾವು ಮರೆಯಬಾರದು. ಮೆಮೊರಿಗೆ ಒಂದು ಅಳತೆ, ಡಿಸ್ಕಿಗೆ ಒಂದು ಅಳತೆ ಎಂದು ನಿಗದಿಯಾಗಿದ್ದರೆ, ತಯಾರಕನು ಬಾಗಿಲು ಮುಚ್ಚಿದರೂ ಕೊಂಡವನ ಯಂತ್ರವು ಅನಾಥವಾಗುವುದಿಲ್ಲ.

ಹಾಗಾದರೆ ಹಂದರದ ಗಣಕವೆಲ್ಲವೂ ಒಳ್ಳೆಯದೇ? ಹಾಗೆ ಹೇಳಲಾಗದು. ಪುಟ್ಟದಾಗಿರುವುದು ತಾನೇ ಒಂದು ಗುಣವಲ್ಲ. ಅಂದವಾದ ಪೆಟ್ಟಿಗೆಯನ್ನು ಮಾಡುವ ಆಸೆಯಿಂದ ಕೆಲವು ತಯಾರಕರು ಮೆಮೊರಿಯನ್ನು ಫಲಕಕ್ಕೇ ಬೆಸೆದುಬಿಡುತ್ತಾರೆ. ಆಗ ಒಂದು ಚಿಪ್ಪು ಕೆಟ್ಟರೆ ಇಡೀ ಫಲಕವೇ ವ್ಯರ್ಥವಾಗುತ್ತದೆ. ಸಾಮಾನ್ಯವಾದ ನಾಲ್ಕು ತಿರುಪುಗಳನ್ನು ಬಿಚ್ಚಿದರೆ ಮುಚ್ಚಳ ತೆರೆಯಬೇಕು; ಮೆಮೊರಿಯ ಎರಡು ಗೂಡುಗಳೂ ಡಿಸ್ಕಿನ ಸ್ಥಳವೂ ಕಣ್ಣಿಗೆ ಕಾಣಬೇಕು; ಕೈಬೆರಳು ಅಲ್ಲಿಗೆ ತಲುಪಬೇಕು. ಈ ಮೂರು ಇದ್ದರೆ ಆ ವಿನ್ಯಾಸವು ಒಳ್ಳೆಯದು. ಎರಡು ಗೂಡುಗಳಲ್ಲಿ ಮೊದಲು ಒಂದನ್ನು ಮಾತ್ರ ತುಂಬಿ, ಹಣ ಒದಗಿದಾಗ ಇನ್ನೊಂದನ್ನು ತುಂಬಬಹುದು. ಬಡವನಿಗೆ ಇದು ಸಣ್ಣ ಅನುಕೂಲವಲ್ಲ.

ಎರಡನೆಯದು ಶಾಖ ಮತ್ತು ಧೂಳಿನ ಪ್ರಶ್ನೆ. ಕೆಲಸ ಮಾಡುವ ಪ್ರೊಸೆಸರು ಬಿಸಿಯಾಗುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಗಾಳಿಯಾಡಲು ಸ್ಥಳವುಂಟು. ಪುಟ್ಟ ಪೆಟ್ಟಿಗೆಯಲ್ಲಿ ಅದು ಕಡಮೆ. ಆ ಬಿಸಿಯನ್ನು ಹೊರಹಾಕಲು ಒಂದು ಸಣ್ಣ ಫ್ಯಾನು ಬಿರುಸಾಗಿ ತಿರುಗುತ್ತದೆ. ತಿರುಗುತ್ತ ಹೊರಗಿನ ಧೂಳನ್ನು ಒಳಗೆ ಎಳೆಯುತ್ತದೆ. ಬೇಸಿಗೆಯಲ್ಲಿ ಬಯಲುಸೀಮೆಯ ಗಾಳಿ ಎಂತಹುದು ಎಂಬುದನ್ನು ಈ ಕಡೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಫ್ಯಾನು ಇಲ್ಲದೆ, ಲೋಹದ ಹೊರಕವಚವೇ ಬಿಸಿಯನ್ನು ಹೊರಚೆಲ್ಲುವಂತೆ ರಚಿಸಿದ ಪೆಟ್ಟಿಗೆಗಳೂ ಉಂಟು. ಅವುಗಳ ವೇಗ ಸ್ವಲ್ಪ ಕಡಮೆ, ಬಾಳಿಕೆ ಹೆಚ್ಚು. ಶಾಲೆಯಲ್ಲಿ ಪತ್ರ ಬರೆಯಲು, ಲೆಕ್ಕ ಮಾಡಲು, ಪ್ರೋಗ್ರಾಮನ್ನು ರಚಿಸಲು ಆ ವೇಗವೇ ಧಾರಾಳವಾಗಿ ಸಾಕು. ಓಟದ ಕುದುರೆಯನ್ನು ನೊಗಕ್ಕೆ ಕಟ್ಟಿದವರುಂಟೇ?

ಮೂರನೆಯದು ವಿದ್ಯುತ್ತು. ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಗಳ ಮೇಲೆ ಹರಡಿರುವ 2,050 ಮೆಗಾವಾಟಿನ ಸೌರ ವಿದ್ಯುತ್ ಉದ್ಯಾನವು 2019ರಲ್ಲಿ ಪೂರ್ಣವಾಯಿತು. ಬೆಳೆಯನ್ನು ಒಣಗಿಸುವ ಬಿಸಿಲೇ ಬೆಳಕನ್ನು ಕೊಡಬಲ್ಲದೆಂಬುದಕ್ಕೆ ಅದು ಸಾಕ್ಷಿ. ಆದರೂ ಹಳ್ಳಿಯ ಶಾಲೆಯಲ್ಲಿ ಪಾಠದ ನಡುವೆ ವಿದ್ಯುತ್ತು ಹೋಗುವುದು ನಿಂತಿಲ್ಲ. ಹಳೆಯ ಕಾಲದ ಗಣಕಯಂತ್ರವೂ ಅದರ ಗಾಜಿನ ಕೊಳವೆಯ ಮಾನಿಟರೂ ಸೇರಿ ಸುಮಾರು 150 ವಾಟ್ ವಿದ್ಯುತ್ತನ್ನು ಬಳಸುತ್ತಿದ್ದವು. ಪುಟ್ಟ ಪೆಟ್ಟಿಗೆಗೆ 20 ವಾಟ್, ಇಂದಿನ ತೆಳು ಮಾನಿಟರಿಗೆ 20 ವಾಟ್ ಎಂದುಕೊಂಡರೆ ಒಟ್ಟು 40 ವಾಟ್ ಆಗುತ್ತದೆ. ನೀವೇ ಲೆಕ್ಕ ಹಾಕಿ ನೋಡಿ: 12 ವೋಲ್ಟಿನ, 100 ಆಂಪೇರ್-ಗಂಟೆಯ ಒಂದು ಬ್ಯಾಟರಿಯಲ್ಲಿ 1,200 ವಾಟ್-ಗಂಟೆಯ ಶಕ್ತಿ ಇರುತ್ತದೆ. ಬ್ಯಾಟರಿಯ ಆರೋಗ್ಯಕ್ಕಾಗಿ ಅದರ ಅರ್ಧವನ್ನು ಮಾತ್ರ ಬಳಸಿ, ದಾರಿಯಲ್ಲಿ ಸೋರಿಹೋಗುವುದನ್ನೂ ಕಳೆದರೆ ಸುಮಾರು 500 ವಾಟ್-ಗಂಟೆ ಉಳಿಯುತ್ತದೆ. ಅಷ್ಟರಲ್ಲಿ ಹಳೆಯ ಯಂತ್ರವು ಮೂರು ಗಂಟೆಗಳು ನಡೆದರೆ ಪುಟ್ಟ ಪೆಟ್ಟಿಗೆಯು ಹನ್ನೆರಡು ಗಂಟೆಗಳು ನಡೆಯುತ್ತದೆ. ಒಂದು ದಿನದ ಪಾಠಗಳೆಲ್ಲ ಮುಗಿದ ಮೇಲೂ ಶಕ್ತಿ ಮಿಗುತ್ತದೆ. ಮಾಳಿಗೆಯ ಮೇಲೆ ಸೌರಫಲಕವೊಂದಿದ್ದರೆ ಶಾಲೆಯು ಯಾರ ದಾರಿಯನ್ನೂ ಕಾಯಬೇಕಾಗಿಲ್ಲ.

ನಾಲ್ಕನೆಯದು ಸಂಪರ್ಕ. ಮನೆ ಎಷ್ಟೇ ಭದ್ರವಾಗಿದ್ದರೂ ಬಾಗಿಲುಗಳಿಲ್ಲದಿದ್ದರೆ ಅದು ವಾಸಕ್ಕೆ ಯೋಗ್ಯವಲ್ಲ. ಗಣಕಯಂತ್ರದ ಬಾಗಿಲುಗಳನ್ನು ಪೋರ್ಟುಗಳು ಎನ್ನುತ್ತಾರೆ. ಹಿಂದೆ ಮುದ್ರಣಯಂತ್ರಕ್ಕೊಂದು, ಕೀಲಿಮಣೆಗೊಂದು, ಮೌಸಿಗೊಂದು ಎಂದು ಬೇರೆ ಬೇರೆ ಆಕಾರದ ಬಾಗಿಲುಗಳಿದ್ದವು. 1996ರಲ್ಲಿ ಯು.ಎಸ್.ಬಿ. ಎಂಬ ಸಾಮಾನ್ಯ ಪದ್ಧತಿಯು ಬಂದ ಮೇಲೆ ಈ ಗೊಂದಲವು ಕ್ರಮೇಣ ಕಡಮೆಯಾಯಿತು. ಆದರೆ ಪೆಟ್ಟಿಗೆ ಪುಟ್ಟದಾದಂತೆ ಬಾಗಿಲುಗಳ ಸಂಖ್ಯೆಯೂ ಇಳಿಯತೊಡಗಿತು. ಎರಡೇ ಯು.ಎಸ್.ಬಿ. ಪೋರ್ಟುಗಳಿರುವ ಪೆಟ್ಟಿಗೆಯಲ್ಲಿ ಕೀಲಿಮಣೆ ಮತ್ತು ಮೌಸುಗಳನ್ನು ಸಿಕ್ಕಿಸಿದ ಮೇಲೆ ಇನ್ನೇನನ್ನು ಸಿಕ್ಕಿಸಲು ಸಾಧ್ಯ? ಕನಿಷ್ಠ ನಾಲ್ಕು ಬೇಕು. ಅವುಗಳಲ್ಲಿ ಎರಡಾದರೂ ಮುಂಭಾಗದಲ್ಲಿರಬೇಕು. ಮಕ್ಕಳು ದಿನವೂ ಬಳಸುವ ಬಾಗಿಲು ಹಿತ್ತಿಲಲ್ಲಿ ಇರಬಾರದು.

ಚಿತ್ರವನ್ನು ಹೊರಕಳಿಸುವ ಬಾಗಿಲಿನ ವಿಷಯದಲ್ಲಿಯೂ ವಿವೇಕ ಬೇಕು. ಹೊಸ ಮಾನಿಟರುಗಳು ಎಚ್.ಡಿ.ಎಂ.ಐ. ಎಂಬ ಪದ್ಧತಿಯನ್ನು ಬಳಸುತ್ತವೆ. ಆದರೆ ನಮ್ಮ ಶಾಲೆಗಳಲ್ಲಿರುವ ಹಳೆಯ ಮಾನಿಟರು ಮತ್ತು ಪ್ರೊಜೆಕ್ಟರುಗಳಲ್ಲಿ ಹಲವು, 1987ರಲ್ಲಿ ಬಂದ ವಿ.ಜಿ.ಎ. ಪದ್ಧತಿಯವು. ಎರಡೂ ಬಾಗಿಲುಗಳಿರುವ ಪೆಟ್ಟಿಗೆಯನ್ನು ಕೊಂಡರೆ ಇರುವ ಸಾಮಗ್ರಿಯೂ ಉಪಯೋಗಕ್ಕೆ ಬರುತ್ತದೆ. ಹಳೆಯದನ್ನು ಕೈಬಿಡದೆ ಹೊಸದನ್ನು ಬರಮಾಡಿಕೊಳ್ಳುವುದು ಯಂತ್ರಕ್ಕೂ ಒಪ್ಪುವ ಗುಣ.

ಜಾಲದ ಸಂಪರ್ಕದ ವಿಷಯವು ಇನ್ನೂ ಮುಖ್ಯವಾದುದು. ತಂತಿಯಿಲ್ಲದ ಸಂಪರ್ಕವೇ ಸಾಕೆಂದು ತಂತಿಯ ಪೋರ್ಟನ್ನು ಕೈಬಿಟ್ಟ ಪೆಟ್ಟಿಗೆಗಳು ಬಂದಿವೆ. ನನ್ನ ಅಭಿಪ್ರಾಯದಲ್ಲಿ ಶಾಲೆಗೆ ಅಂತಹವು ತಕ್ಕುವಲ್ಲ. ದಪ್ಪನೆಯ ಕಲ್ಲುಗೋಡೆಗಳನ್ನು ದಾಟುವಾಗ ತಂತಿರಹಿತ ಅಲೆಗಳು ಸೊರಗುತ್ತವೆ. ಮೂವತ್ತು ಮಕ್ಕಳು ಒಮ್ಮೆಗೇ ಬಳಸಿದರೆ ಅವು ಮತ್ತೂ ಸೊರಗುತ್ತವೆ. ತಾಮ್ರದ ತಂತಿಯಾದರೋ 100 ಮೀಟರುಗಳವರೆಗೆ ನಂಬಿಕೆಯಿಂದ ಕೆಲಸ ಮಾಡುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ಎಳೆಯ ಕೇಬಲನ್ನು ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆಯಿತ್ತಿತು; ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಊರ ಬಾಗಿಲಿಗೆ ಬಂದ ಆ ಸಂಪರ್ಕವು ಶಾಲೆಯ ಮೇಜಿಗೆ ತಲುಪಬೇಕಾದರೆ ಮೇಜಿನ ಮೇಲಿರುವ ಯಂತ್ರವು ಅದಕ್ಕೆ ಸಿದ್ಧವಾಗಿರಬೇಕು. ಹೊರಗಿನ ಜಾಲವು ಕೈಕೊಟ್ಟ ದಿನವೂ ತಂತಿಯು ವ್ಯರ್ಥವಾಗದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂತಹ ವಿಶ್ವಕೋಶವನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಟ್ಟರೆ ಕೊಠಡಿಯ ಉಳಿದ ಪೆಟ್ಟಿಗೆಗಳೆಲ್ಲ ಅದನ್ನು ಓದಬಹುದು. ಕೆರೆಯ ನೀರು ಬರದ ದಿನ ಮನೆಯ ಹಂಡೆಯ ನೀರು ಕೈಹಿಡಿಯುವಂತೆ ಇದು.

ಸಂಪರ್ಕವೆಂದರೆ ತಂತಿಯ ಮಾತಷ್ಟೇ ಅಲ್ಲವೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಒಂದು ಮಹತ್ತ್ವದ ಪ್ರಯೋಗ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಎಂಬ ಸಂಸ್ಥೆಯ ತಂತ್ರಜ್ಞರೂ ಸೇರಿ, 1999ರಲ್ಲಿ ಒಂದು ದತ್ತಿಯನ್ನು ಸ್ಥಾಪಿಸಿ, ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿಯು ಪ್ರಕಟವಾಯಿತು. ಅಕ್ಷರ ಬಾರದವರಿಗೂ ಉಪಯೋಗವಾಗಲೆಂದು ಬರಹವನ್ನು ಕನ್ನಡ, ಹಿಂದಿ ಮೊದಲಾದ ನಮ್ಮ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶವನ್ನು ಅದಕ್ಕಾಗಿ ರಚಿಸಿದರು. ಒಂದೇ ಯಂತ್ರವನ್ನು ಊರಿನ ಅನೇಕರು ಹಂಚಿಕೊಳ್ಳಲೆಂದು ಒಬ್ಬೊಬ್ಬರ ಮಾಹಿತಿಯನ್ನು ಒಂದೊಂದು ಕಾರ್ಡಿನಲ್ಲಿ ಇಡುವ ಏರ್ಪಾಡು ಇತ್ತು. ಯಂತ್ರದ ವಿನ್ಯಾಸವನ್ನು ಗುಟ್ಟಾಗಿಡದೆ ಇತರರಿಗೂ ತೆರೆದಿಟ್ಟರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸಿದ ಸಿಂಪ್ಯೂಟರು ಸುಮಾರು ಹತ್ತು ಸಾವಿರ ರೂಪಾಯಿಗಳ ಆರಂಭದ ಬೆಲೆಗೆ ಮಾರುಕಟ್ಟೆಗೆ ಬಂದಿತು.

ಆ ಯಂತ್ರವು ಹಳ್ಳಿ ಹಳ್ಳಿಗೂ ತಲುಪಲಿಲ್ಲ. 2005ರವರೆಗೆ ಮಾರಾಟವಾದವು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲು ದೂರವಾಣಿಗಳ ಬೆಲೆ ಇಳಿದು, ಅವು ಜನರ ಕೈ ಸೇರತೊಡಗಿದ್ದವು. ಇದನ್ನು ಸೋಲೆಂದು ಹಳಿಯುವವರಿದ್ದಾರೆ. ನಾನು ಹಾಗೆ ಹಳಿಯಲಾರೆ. ಅಂದು ಅವರು ಕೇಳಿದ ಪ್ರಶ್ನೆ ಸರಿಯಾದುದಾಗಿತ್ತು: ‘ಈ ಯಂತ್ರವು ಯಾರಿಗಾಗಿ?’ ಬೆಲೆಯನ್ನೂ ಭಾಷೆಯನ್ನೂ ಬಳಕೆಯನ್ನೂ ಒಟ್ಟಿಗೆ ಯೋಚಿಸಿದವರು ಅವರು. ಆದರೆ ಯಂತ್ರವೊಂದು ಬಾಳಬೇಕಾದರೆ ಅದರ ಸುತ್ತ ರಿಪೇರಿ ಮಾಡುವವನೂ, ಬಿಡಿಭಾಗ ಮಾರುವವನೂ, ಕಲಿಸುವವನೂ, ಅದರಲ್ಲಿ ಓದಲು ತಕ್ಕ ಬರಹವೂ ಇರಬೇಕು. ಒಳ್ಳೆಯ ಬೀಜವೂ ಹದವಾದ ನೆಲವನ್ನು ಬೇಡುತ್ತದೆ. ಸಿಂಪ್ಯೂಟರಿನ ಕಥೆಯು ನಮಗೆ ಹೇಳುವ ಪಾಠ ಇದು.

ಇನ್ನೊಂದು ನಿದರ್ಶನವು ಇಂಗ್ಲೆಂಡಿನದು. ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಗಣಕವಿಜ್ಞಾನವನ್ನು ಓದಲು ಬರುತ್ತಿದ್ದ ವಿದ್ಯಾರ್ಥಿಗಳಲ್ಲಿ ಯಂತ್ರದ ಒಳಗನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವುದನ್ನು ಎಬೆನ್ ಅಪ್ಟನ್ ಮತ್ತು ಅವರ ಗೆಳೆಯರು ಕಂಡು ಚಿಂತಿಸಿದರು. ಅದರ ಫಲವಾಗಿ 2012ರಲ್ಲಿ ರಾಸ್ಪ್‌ಬೆರಿ ಪೈ ಎಂಬ, ಗುರುತಿನ ಚೀಟಿಯಷ್ಟು ಅಗಲದ ಗಣಕಫಲಕವು 35 ಡಾಲರುಗಳ ಬೆಲೆಗೆ ಬಂದಿತು. ಅದರ ಅಂಚಿನಲ್ಲಿ ಲೋಹದ ಕಡ್ಡಿಗಳ ಸಾಲಿದೆ. ಅಲ್ಲಿಗೆ ದೀಪವನ್ನೋ, ಮಣ್ಣಿನ ತೇವವನ್ನು ಅಳೆಯುವ ಸಾಧನವನ್ನೋ ಜೋಡಿಸಿ, ಪ್ರೋಗ್ರಾಮಿನಿಂದ ನಡೆಸಬಹುದು. ಕಡಲೆಕಾಯಿಯ ಹೊಲದ ತೇವವನ್ನು ಗಣಕವು ಓದಿ ಹೇಳುವುದೆಂದರೆ ನಮ್ಮ ಸೀಮೆಯ ಬಾಲಕ ಬಾಲಿಕೆಯರಿಗೆ ಅದಕ್ಕಿಂತ ಸಮೀಪದ ಪಾಠ ಯಾವುದಿದೆ? ಆದರೆ ಇದರಲ್ಲಿ ಮೆಮೊರಿಯು ಫಲಕಕ್ಕೆ ಬೆಸೆದಿರುವುದರಿಂದ ಅದನ್ನು ಮುಂದೆ ಹೆಚ್ಚಿಸಲು ಬಾರದು. ಹೊರಗಿನ ಜೋಡಣೆಗೆ ಇದು ಮೇಲು. ಒಳಗಿನ ಜೋಡಣೆಗೆ ಹಂದರದ ಗಣಕವೇ ಮೇಲು. ಶಾಲೆಯಲ್ಲಿ ಎರಡೂ ಇದ್ದರೆ ಒಂದಕ್ಕೊಂದು ಪೂರಕವಾದೀತು.

ನನ್ನ ಅಭಿಪ್ರಾಯಕ್ಕೆ ಆಕ್ಷೇಪಗಳಿಲ್ಲದಿಲ್ಲ. ‘ಮೊಬೈಲು ಎಲ್ಲರ ಕೈಯಲ್ಲಿರುವಾಗ ಈ ಪೆಟ್ಟಿಗೆಗಳೇಕೆ?’ ಎಂದು ಕೆಲವರು ಕೇಳುತ್ತಾರೆ. ಮೊಬೈಲು ನೋಡುವುದಕ್ಕೂ ಕೇಳುವುದಕ್ಕೂ ಉತ್ತಮ ಸಾಧನ. ಆದರೆ ಹತ್ತು ಪುಟಗಳ ಲೇಖನವನ್ನು ಬರೆಯಲು, ಊರಿನ ಮಳೆಯ ಲೆಕ್ಕವನ್ನು ಕೋಷ್ಟಕವಾಗಿ ಇಡಲು, ಪ್ರೋಗ್ರಾಮೊಂದನ್ನು ರಚಿಸಿ ತಿದ್ದಲು ವಿಶಾಲವಾದ ತೆರೆಯೂ ಕೀಲಿಮಣೆಯೂ ಬೇಕು. ಕನ್ನಡದ ಅಕ್ಷರಗಳಿಗೆ 1991ರಲ್ಲಿಯೇ ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ ಸ್ಥಾನ ದೊರೆತಿದೆ; ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ಕನ್ನಡದ ಬೆರಳಚ್ಚನ್ನು ಸುಲಭವಾಗಿಸಿದೆ. ಈ ಸಂಪತ್ತನ್ನು ಕೇವಲ ನೋಡುವವರಾಗಿ ಅಲ್ಲ, ಬರೆಯುವವರಾಗಿ ನಾವು ಬಳಸಬೇಡವೇ?

ಇನ್ನು ಕೆಲವರು, ‘ಸಿದ್ಧವಾದ ಯಂತ್ರವನ್ನು ಕೊಂಡರೆ ಕೆಟ್ಟಾಗ ಕೇಳಲು ಒಬ್ಬ ಹೊಣೆಗಾರನಿರುತ್ತಾನೆ, ಬಿಡಿಭಾಗಗಳನ್ನು ನಾವೇ ಕೂಡಿಸಿದರೆ ಯಾರನ್ನು ಕೇಳುವುದು?’ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಪೆಟ್ಟಿಗೆಯ ಬೆಲೆಯನ್ನಷ್ಟೇ ನೋಡಿ ಅಗ್ಗವೆಂದು ಭಾವಿಸುವುದೂ ತಪ್ಪು. ಮೆಮೊರಿ, ಡಿಸ್ಕು, ಮಾನಿಟರು ಎಲ್ಲವನ್ನೂ ಕೂಡಿಸಿದ ಮೇಲೆ ಸಿದ್ಧ ಯಂತ್ರದ ಬೆಲೆಗೆ ಅದು ಸಮನಾಗಬಹುದು. ಬಿಚ್ಚಿ ಜೋಡಿಸಲು ಕಲಿತ ಒಬ್ಬ ಉಪಾಧ್ಯಾಯರಾದರೂ ಇಲ್ಲದ ಶಾಲೆಗೆ ಹಂದರದ ಗಣಕವನ್ನು ಕೊಡುವುದು, ನೇಯ್ಗೆ ತಿಳಿಯದವನಿಗೆ ಮಗ್ಗವನ್ನು ಕೊಟ್ಟಂತೆ. ಆದ್ದರಿಂದ ಯಂತ್ರಕ್ಕಿಂತ ಮೊದಲು ಉಪಾಧ್ಯಾಯರಿಗೆ ತರಬೇತಿಯಾಗಬೇಕು. ಆದರೆ ಹೊಣೆಗಾರಿಕೆಯ ಅವಧಿಯು ಮುಗಿದ ಮೇಲೆ ಸಿದ್ಧ ಯಂತ್ರಕ್ಕೆ ದಿಕ್ಕಾರು? ನಾನು ಕಂಡ ಆ ಕೊಠಡಿಯ ಯಂತ್ರಗಳೆಲ್ಲ ಸಿದ್ಧ ಯಂತ್ರಗಳೇ ಆಗಿದ್ದವು.

ಯಂತ್ರವನ್ನು ಬಳಸಬಲ್ಲವನು ಒಬ್ಬ. ಯಂತ್ರವನ್ನು ಅರಿತವನು ಇನ್ನೊಬ್ಬ. ಮೊದಲನೆಯವನು ಅದು ಕೆಟ್ಟ ದಿನ ಕೈಕಟ್ಟಿ ಕುಳಿತುಕೊಳ್ಳುತ್ತಾನೆ. ಎರಡನೆಯವನು ತಿರುಪುಳಿಯನ್ನು ಕೈಗೆತ್ತಿಕೊಳ್ಳುತ್ತಾನೆ. ಹಳ್ಳಿಯ ಶಾಲೆಯು ಮಕ್ಕಳನ್ನು ಎರಡನೆಯ ಬಗೆಯವರನ್ನಾಗಿ ಮಾಡಬೇಕೆಂಬುದು ನನ್ನ ಆಶಯ. ಮೆಮೊರಿಯನ್ನು ಗೂಡಿನಲ್ಲಿ ಕೂಡಿಸುವಾಗ ಕೇಳಿಬರುವ ಸಣ್ಣ ಸದ್ದನ್ನು, ತಾವೇ ಜೋಡಿಸಿದ ಯಂತ್ರವು ಮೊದಲ ಬಾರಿಗೆ ಬೆಳಗಿದಾಗ ಆಗುವ ಸಂತೋಷವನ್ನು ಬರಗೂರಿನ ಮಗುವೂ ಬೆಂಗಳೂರಿನ ಮಗುವಿನಷ್ಟೇ ಅನುಭವಿಸಬೇಕು. ಆ ಸಂತೋಷಕ್ಕೆ ಅಡ್ಡಿಯಾಗದ ಪೆಟ್ಟಿಗೆಯೇ ಒಳ್ಳೆಯ ಪೆಟ್ಟಿಗೆ. ಅದರ ಹೊಳಪು ಎಷ್ಟೆಂಬುದು ಆಮೇಲಿನ ಮಾತು.

ನಮ್ಮ ಹಿರಿಯರು ಬಂಡಿಯ ಕಡಾಣಿಯನ್ನು ಕಿತ್ತು ನೋಡದೆ ಬಂಡಿಯನ್ನು ಕೊಳ್ಳಲಿಲ್ಲ. ನಾವು ಮುಚ್ಚಳವನ್ನು ತೆರೆದು ನೋಡದೆ ಗಣಕಯಂತ್ರವನ್ನು ಕೊಳ್ಳದಿರೋಣ. ಹಾಗೆ ಕೊಂಡ ದಿನ ಶಾಲೆಯ ಗೋಡೆಯ ಮೇಲಿನ ‘ಮುಟ್ಟಕೂಡದು’ ಎಂಬ ಬರಹವನ್ನು ಅಳಿಸಿ, ‘ಎಚ್ಚರಿಕೆಯಿಂದ ಬಿಚ್ಚಿ, ಸರಿಯಾಗಿ ಜೋಡಿಸಿರಿ’ ಎಂದು ಬರೆಯಬಹುದು.